ಮೆಟಬಾಲಿಸಂ ಮತ್ತು ದೇಹರಚನೆ ಅಳತೆಯಲ್ಲಿ ದೋಷ ಹುಡುಕುವುದು: ಮೊದಲು ಪಕ್ಕದ ಅಂಕಿ ನೋಡಿ

ಉಸಿರನ್ನು ಅಳೆದು ದೇಹದ ಶಕ್ತಿ ಖರ್ಚು ಹೇಳುವ ಮೆಟಬಾಲಿಕ್ ಕಾರ್ಟ್ ಇರಲಿ, ಎಕ್ಸ್‌ರೇಯಿಂದ ದೇಹರಚನೆ ಅಳೆಯುವ ಡೆಕ್ಸಾ ಇರಲಿ, ಕೆಟ್ಟಾಗ ಅವು ನಿಂತುಹೋಗುವುದು ಅಪರೂಪ. ನಂಬುವಂಥ ತಪ್ಪು ಉತ್ತರ ಕೊಡುತ್ತಾ ಕೆಲಸ ಮಾಡುತ್ತಲೇ ಇರುತ್ತವೆ. ಒಬ್ಬರು ವಿಶ್ರಾಂತಿಯಲ್ಲಿರುವಾಗಿನ ಶಕ್ತಿ ಖರ್ಚು ದಿನಕ್ಕೆ 1,680 ಕಿಲೋಕ್ಯಾಲೊರಿ ಎಂದು ಬರಬೇಕಾದ ಕಡೆ 2,040 ಬಂದರೂ ಪರದೆಯ ಮೇಲೆ ಅದು ಅಷ್ಟೇ ಅಚ್ಚುಕಟ್ಟಾಗಿ ಕಾಣುತ್ತದೆ. ಆ ಅಂಕಿ ಸೀದಾ ಎಕ್ಸೆಲ್ ಹಾಳೆಗೆ ಹೋಗುತ್ತದೆ. ಅಲ್ಲಿಂದ ಸರಾಸರಿಗೆ, ಅಲ್ಲಿಂದ ಪ್ರಬಂಧಕ್ಕೆ. ಭಾಗವಹಿಸಿದವರು ರಾತ್ರಿಯೆಲ್ಲ ಉಪವಾಸ ಇದ್ದು, ಬೆಳಗ್ಗೆ ಬೇಗ ಎದ್ದು ಬಂದು, ಅರ್ಧ ಗಂಟೆ ಅಲುಗಾಡದೆ ಮಲಗಿ ಕೊಟ್ಟ ಅಳತೆ ಅದು. ನಮ್ಮ ಕಡೆಯ ದೋಷದಿಂದ ಅದು ಹಾಳಾಗಬಾರದು.

ಅಂಕಿ ಅನುಮಾನ ಹುಟ್ಟಿಸಿದಾಗ ಬಹಳ ಜನ ಮಾಡುವುದು ಒಂದೇ: ಮತ್ತೆ ಕ್ಯಾಲಿಬ್ರೇಶನ್ ಮಾಡಿ (ಗೊತ್ತಿರುವ ಅಂಕಿಗೆ ಯಂತ್ರವನ್ನು ಹೊಂದಿಸಿ), ಮತ್ತೆ ಅಳೆಯುವುದು. ಹೀಗೆ ಮಾಡಿದರೆ ದೋಷ ಸಿಗುವುದಿಲ್ಲ. ಕೆಲವು ಸಲ ಅದರ ಗುರುತೂ ಅಳಿಸಿಹೋಗುತ್ತದೆ. ಅದರ ಬದಲು ಇದನ್ನು ನೋಡಿ. ಪ್ರತಿ ಯಂತ್ರವೂ ನಮಗೆ ಬೇಕಾದ ಅಂಕಿಯ ಜೊತೆಗೆ, ನಾವು ಕೇಳದ ಇನ್ನೊಂದು ಅಂಕಿಯನ್ನೂ ಕೊಡುತ್ತದೆ. ಉಸಿರಿನ ಅಳತೆಯಲ್ಲಿ ಅದು ಆರ್‌ಕ್ಯೂ, ಅಂದರೆ ಎರಡು ಅನಿಲಗಳ ಅನುಪಾತ. ಡೆಕ್ಸಾದಲ್ಲಿ ಒಟ್ಟು ತೂಕ. ದೇಹಕ್ಕೆ ಸಣ್ಣ ಕರೆಂಟ್ ಹರಿಸಿ ಅಳೆಯುವ ಬಿಐಎಯಲ್ಲಿ ಫೇಸ್ ಆ್ಯಂಗಲ್. ಇದನ್ನು ಪಕ್ಕದ ಅಂಕಿ ಎಂದು ಕರೆಯೋಣ. ದೋಷ ಯಾವ ಭಾಗದಲ್ಲಿದೆ ಎಂಬುದನ್ನು ಬಹುಪಾಲು ಅದೇ ಹೇಳುತ್ತದೆ. ಯಾವ ಗುಂಡಿಯನ್ನೂ ಒತ್ತುವ ಮೊದಲು ಅದನ್ನು ಬರೆದಿಟ್ಟುಕೊಳ್ಳಿ.

ಉಸಿರಿನ ಅಳತೆ: ಆರ್‌ಕ್ಯೂ ಹೇಳುವುದೇನು

ಇಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯಾಕೆಂದರೆ ದೋಷಗಳು ಹೆಚ್ಚು ಇರುವುದು ಇಲ್ಲೇ, ಹುಡುಕುವ ದಾರಿ ಸ್ಪಷ್ಟವಾಗಿರುವುದೂ ಇಲ್ಲೇ.

ಹೊರಬಂದ ಕಾರ್ಬನ್ ಡೈಆಕ್ಸೈಡನ್ನು ಬಳಕೆಯಾದ ಆಕ್ಸಿಜನ್‌ನಿಂದ ಭಾಗಿಸಿದರೆ ಆರ್‌ಕ್ಯೂ ಸಿಗುತ್ತದೆ. ಬರೀ ಕಾರ್ಬೊಹೈಡ್ರೇಟ್ ಉರಿದರೆ 1.0, ಬರೀ ಕೊಬ್ಬು ಉರಿದರೆ 0.7, ಪ್ರೋಟೀನ್‌ಗೆ ಸುಮಾರು 0.8. ರಾತ್ರಿ ಉಪವಾಸ ಇದ್ದು ಬಂದವರಲ್ಲಿ ಸಾಮಾನ್ಯವಾಗಿ 0.75ರಿಂದ 0.90ರ ನಡುವೆ ಇರುತ್ತದೆ. ಶಕ್ತಿಯ ಲೆಕ್ಕಕ್ಕೆ ಬಳಸುವುದು 1949ರ ವೀರ್ ಸೂತ್ರ. ಒಂದು ಲೀಟರ್ ಆಕ್ಸಿಜನ್‌ಗೆ 3.94 ಕಿಲೋಕ್ಯಾಲೊರಿ, ಒಂದು ಲೀಟರ್ ಕಾರ್ಬನ್ ಡೈಆಕ್ಸೈಡ್‌ಗೆ 1.11. ಎರಡನ್ನೂ ಕೂಡಿಸಬೇಕು. ಆಕ್ಸಿಜನ್ ಕಡೆಯ ತಪ್ಪು ಎಷ್ಟು ದುಬಾರಿ ಎಂಬುದು ಇಲ್ಲೇ ಕಾಣುತ್ತದೆ.

ಈಗ ಮುಖ್ಯ ವಿಷಯ. ಗಾಳಿಯ ಹರಿವನ್ನು, ಅಂದರೆ ಫ್ಲೋವನ್ನು, ತಪ್ಪಾಗಿ ಅಳೆದರೆ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಎರಡೂ ಒಂದೇ ಪ್ರಮಾಣದಲ್ಲಿ ತಪ್ಪುತ್ತವೆ. ಭಾಗಾಕಾರದಲ್ಲಿ ಆ ತಪ್ಪು ಹೊಡೆದುಹೋಗುತ್ತದೆ. ಹಾಗಾಗಿ ಆರ್‌ಕ್ಯೂ ಚೆನ್ನಾಗಿಯೇ ಇರುತ್ತದೆ, ಕ್ಯಾಲೊರಿ ಮಾತ್ರ ತಪ್ಪಿರುತ್ತದೆ. ಅದೇ ಅನಿಲಗಳ ಪ್ರಮಾಣ ಅಳೆಯುವ ಗ್ಯಾಸ್ ಅನಲೈಸರ್ ತಪ್ಪಿದರೆ, ಸಾಮಾನ್ಯವಾಗಿ ಒಂದು ಅನಿಲ ಮಾತ್ರ ಜರುಗುತ್ತದೆ, ಆರ್‌ಕ್ಯೂ ಕೆಡುತ್ತದೆ. ಈ ಒಂದು ಪ್ರಶ್ನೆಯಿಂದಲೇ ಅರ್ಧ ಹುಡುಕಾಟ ಮುಗಿಯುತ್ತದೆ: ಆರ್‌ಕ್ಯೂ ಸರಿ ಇದೆಯೋ, ಇಲ್ಲವೋ?

ಆರ್‌ಕ್ಯೂ ಸರಿ ಇದೆ, ಕ್ಯಾಲೊರಿ ಕಡಿಮೆ ಬರುತ್ತಿದೆ

ಗಾಳಿ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ, ಇಲ್ಲವೇ ಎಲ್ಲೋ ಸೇರಿಕೊಳ್ಳುತ್ತಿದೆ. ಮಾಸ್ಕ್ ಆಗಿದ್ದರೆ ಮೊದಲು ಮೂಗಿನ ಮೇಲ್ಭಾಗ ನೋಡಿ. ಗಡ್ಡ ಇರುವವರಲ್ಲಿ ಗಲ್ಲದ ಕೆಳಗೆ ನೋಡಿ. ಮಾಸ್ಕಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಮೆಲ್ಲಗೆ ಉಸಿರು ಬಿಡಲು ಹೇಳಿ. ಎಲ್ಲಿ ತಣ್ಣಗೆ ಅನಿಸಿತು ಎಂದು ಅವರನ್ನೇ ಕೇಳಿ. ಅವರಿಗೆ ನಿಮಗಿಂತ ಮೊದಲು ಗೊತ್ತಾಗುತ್ತದೆ.

ಮಾಸ್ಕಿನ ಬದಲು ಹುಡ್, ಅಂದರೆ ತಲೆಯ ಮೇಲೆ ಮುಚ್ಚುವ ಪಾರದರ್ಶಕ ಗೂಡು, ಬಳಸುವ ಕಡೆ ವಿಷಯ ಸ್ವಲ್ಪ ಬೇರೆ. ಪಂಪು ಗಾಳಿಯನ್ನು ಹುಡ್‌ನಿಂದ ಎಳೆಯುತ್ತದೆ. ಹುಡ್ ಮತ್ತು ಫ್ಲೋ ಮೀಟರ್ ನಡುವಿನ ದೊಡ್ಡ ಕೊಳವೆಯಲ್ಲಿ ಸಣ್ಣ ತೂತಿದ್ದರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಅದೂ ಫ್ಲೋ ಮೀಟರ್ ಲೆಕ್ಕಕ್ಕೆ ಸಿಗುತ್ತದೆ. ಗ್ಯಾಸ್ ಸ್ಯಾಂಪಲ್ ತೆಗೆಯುವ ಜಾಗ ಆ ತೂತಿನ ಮುಂದೆ ಇದ್ದರೆ, ಅಲ್ಲಿಗೆ ಬರುವ ಹೊತ್ತಿಗೆ ಗಾಳಿ ಬೆರೆತಿದ್ದರೆ, ಉತ್ತರ ಹೆಚ್ಚು ಕಡಿಮೆ ಸರಿಯಾಗಿಯೇ ಬರುತ್ತದೆ. ದೊಡ್ಡ ಕೊಳವೆಗೆ ಟೇಪ್ ಸುತ್ತುತ್ತಾ ಬೆಳಗಿನ ಹೊತ್ತೆಲ್ಲ ಕಳೆಯುವವರಿದ್ದಾರೆ. ನಿಜವಾದ ಕಳ್ಳ ಸಾಮಾನ್ಯವಾಗಿ ಇರುವುದು ತೆಳ್ಳಗಿನ ಸ್ಯಾಂಪಲ್ ಲೈನಿನಲ್ಲಿ, ಅಂದರೆ ಅನಲೈಸರಿಗೆ ಗಾಳಿ ಒಯ್ಯುವ ಕೊಳವೆಯಲ್ಲಿ. ಅಲ್ಲಿ ಕೂದಲಷ್ಟು ಸೀಳಿದ್ದರೂ ಕೋಣೆಯ ಗಾಳಿ ನುಗ್ಗಿ ಸ್ಯಾಂಪಲ್ ತೆಳುವಾಗುತ್ತದೆ. ಎರಡು ಅನಿಲಗಳೂ ಒಟ್ಟಿಗೆ ಕುಸಿಯುತ್ತವೆ, ಆರ್‌ಕ್ಯೂ ಅಲ್ಲಾಡುವುದಿಲ್ಲ.

ಇದನ್ನು ಹಿಡಿಯುವುದು ಸುಲಭ. ಸ್ಯಾಂಪಲ್ ಲೈನಿನ ತುದಿಯನ್ನು ನಿಮ್ಮಿಂದ ದೂರ, ಶುದ್ಧ ಗಾಳಿಯಲ್ಲಿಡಿ. ಪರದೆಯಲ್ಲಿ ಕಾರ್ಬನ್ ಡೈಆಕ್ಸೈಡ್ ನೇರ ಗೆರೆಯಾಗಿ ಓಡುತ್ತಿರಲಿ. ಈಗ ಲೈನಿನ ಒಂದೊಂದು ಜೋಡಣೆಯ ಮೇಲೂ ಮೆಲ್ಲಗೆ ಉಸಿರು ಬಿಡುತ್ತಾ ಬನ್ನಿ. ಫಿಲ್ಟರ್, ಒಣಗಿಸುವ ನಳಿಗೆ, ಅನಲೈಸರಿಗೆ ಸೇರುವ ಮೂತಿ, ಯಾವುದನ್ನೂ ಬಿಡಬೇಡಿ. ಎಲ್ಲಿ ಗೆರೆ ಮೇಲೆ ಜಿಗಿಯುತ್ತದೋ ಅಲ್ಲೇ ಸೋರಿಕೆ. ಎರಡು ನಿಮಿಷದ ಕೆಲಸ.

ಎಲ್ಲೂ ಜಿಗಿಯಲಿಲ್ಲ ಅಂದರೆ ಹುಡ್‌ನ ಹರಿವು ಕಡಿಮೆಯಾಗಿ ಉಸಿರು ಹೊರಗೆ ಚೆಲ್ಲುತ್ತಿರಬಹುದು. ಹುಡ್‌ನಿಂದ ಹೊರಹೋಗುವ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 0.8ರಿಂದ 1.2ರ ನಡುವೆ ಇರುವಂತೆ ಹರಿವನ್ನು ಹೊಂದಿಸುವುದು ವಾಡಿಕೆ. ಕತ್ತಿನ ಸುತ್ತ ಪ್ಲಾಸ್ಟಿಕ್ ಹಾಳೆ ಸರಿಯಾಗಿ ಕೂತಿದೆಯಾ ಎಂದೂ ನೋಡಿ.

ಆರ್‌ಕ್ಯೂ ಸರಿ ಇದೆ, ಕ್ಯಾಲೊರಿ ಜಾಸ್ತಿ ಬರುತ್ತಿದೆ

ಇಲ್ಲಿ ಎರಡು ಕಾರಣಗಳನ್ನು ಮೊದಲು ಅನುಮಾನಿಸಿ.

ಒಂದು, ವಾತಾವರಣದ ಒತ್ತಡ. ಹರಿವನ್ನು ಸೊನ್ನೆ ಡಿಗ್ರಿ, 760 ಮಿಲಿಮೀಟರ್ ಪಾದರಸ, ಒಣ ಗಾಳಿ ಎಂಬ ಒಂದೇ ಅಳತೆಗೆ ತರಬೇಕು. ಅದಕ್ಕೆ ನೀವಿರುವ ಕೋಣೆಯ ನಿಜವಾದ ಒತ್ತಡ ಬೇಕು. ಹವಾಮಾನ ವರದಿ ಕೊಡುವ ಒತ್ತಡ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಪ್ರಯೋಗಾಲಯ 900 ಮೀಟರ್ ಎತ್ತರದಲ್ಲಿದ್ದರೆ ನಿಜವಾದ ಒತ್ತಡ ಸುಮಾರು 682 ಮಿಲಿಮೀಟರ್. ಅಲ್ಲಿ 760 ಎಂದು ಟೈಪ್ ಮಾಡಿದರೆ ಪ್ರತಿಯೊಬ್ಬರ ಕ್ಯಾಲೊರಿಯೂ ಶೇ 11ರಷ್ಟು ಮೇಲೆ ಹೋಗುತ್ತದೆ. ಆರ್‌ಕ್ಯೂ ನೋಡಿದರೆ ಒಂದು ಚೂರೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ಕಂಡ ಒತ್ತಡವನ್ನು ಹಾಗೇ ತುಂಬಿಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಕೋಣೆಯಲ್ಲೇ ಒಂದು ಒಳ್ಳೆಯ ಬ್ಯಾರೊಮೀಟರ್ ಇಡಿ.

ಎರಡು, ಕೋಣೆಯ ಗಾಳಿ. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ ಶೇ 20.93, ಕಾರ್ಬನ್ ಡೈಆಕ್ಸೈಡ್ ಶೇ 0.04 ಎಂದು ಸಾಫ್ಟ್‌ವೇರ್ ನಂಬಿಕೊಂಡಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಮೂರು ಜನ ಕೂತರೆ ಇದು ಬೇಗ ಬದಲಾಗುತ್ತದೆ. ಹುಡ್ ಒಳಗೆ ಹೋಗುವ ಗಾಳಿಯಲ್ಲಿ ಶೇ 0.14 ಇದ್ದು, ಲೆಕ್ಕದಲ್ಲಿ 0.04 ಇದ್ದರೆ ಏನಾಗುತ್ತದೆ? ಹರಿವು ನಿಮಿಷಕ್ಕೆ 25 ಲೀಟರ್ ಆದರೆ, ಕೋಣೆಯಲ್ಲಿದ್ದ 25 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡ್ ಮಲಗಿದವರ ಲೆಕ್ಕಕ್ಕೆ ಸೇರುತ್ತದೆ. ನಿಜವಾದದ್ದು 200 ಮಿಲಿಲೀಟರ್ ಇದ್ದರೆ ಅದು ಶೇ 12ಕ್ಕೂ ಜಾಸ್ತಿ. ಕೋಣೆ ಕೆಟ್ಟಿರುವುದು ಉಸಿರಿನಿಂದಲೇ ಆದ್ದರಿಂದ ಆಕ್ಸಿಜನ್ ಕೂಡ ಅದೇ ಹದದಲ್ಲಿ ಕುಸಿದಿರುತ್ತದೆ. ಹಾಗಾಗಿ ಆರ್‌ಕ್ಯೂ ಸಹಜವಾಗಿಯೇ ಕಾಣುತ್ತದೆ. ಇದರ ಗುರುತು ಇನ್ನೊಂದು ಕಡೆ ಇದೆ: ಬೆಳಗಿನ ಮೊದಲ ಅಳತೆ ಸರಿ, ಹೊತ್ತು ಏರಿದಂತೆ ಎಲ್ಲರ ಕ್ಯಾಲೊರಿಯೂ ಏರುತ್ತದೆ. ಅಳತೆಗಳನ್ನು ಗಡಿಯಾರದ ಹೊತ್ತಿನ ಎದುರು ಗುರುತು ಹಾಕಿ ನೋಡಿ. ಓರೆಯಾಗಿ ಮೇಲೇರಿದರೆ ಕಿಟಕಿ ತೆರೆಯಿರಿ, ಪ್ರತಿ ಅಳತೆಯ ಹಿಂದೆ ಮುಂದೆ ಕೋಣೆಯ ಗಾಳಿಯನ್ನೂ ಅಳೆಯಿರಿ.

ಇವೆರಡೂ ಅಲ್ಲ ಅಂದರೆ, ಯಂತ್ರ ನಿಜ ಹೇಳುತ್ತಿರಬಹುದು. ಕಾಫಿ ಕುಡಿದು ಬಂದಿದ್ದಾರಾ? ಮೆಟ್ಟಿಲು ಹತ್ತಿ ಬಂದ ಕೂಡಲೇ ಮಲಗಿಸಿದಿರಾ? ಕೋಣೆ ಚಳಿಯಾಗಿದೆಯಾ? ಮೊದಲು 20ರಿಂದ 30 ನಿಮಿಷ ಸುಮ್ನೆ ಮಲಗಿರಲಿ. ಅಳತೆಯ ಮೊದಲ ಐದು ನಿಮಿಷ ಬಿಟ್ಟುಬಿಡಿ. ಆಮೇಲೆ ಎರಡೂ ಅನಿಲಗಳ ಏರಿಳಿತ ಶೇ 10ರ ಒಳಗೆ ಇರುವ ಐದು ನಿಮಿಷ ಸಿಕ್ಕಿದರೆ ಅದನ್ನು ತೆಗೆದುಕೊಳ್ಳಿ.

ಆರ್‌ಕ್ಯೂ 0.70ಕ್ಕಿಂತ ಕೆಳಗೆ ಇಳಿದಿದೆ

ನೀರಾವಿಯನ್ನು ಮೊದಲು ಅನುಮಾನಿಸಿ. ಯಾಕೆ ಎಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಒಂದು ಸಲ ಈ ಲೆಕ್ಕ ನೋಡಿದವರು ಒಣಗಿಸುವ ನಳಿಗೆಯನ್ನು ಮತ್ತೆ ಯಾವತ್ತೂ ಕಡೆಗಣಿಸುವುದಿಲ್ಲ.

ಮಲಗಿರುವವರು ನಿಮಿಷಕ್ಕೆ 240 ಮಿಲಿಲೀಟರ್ ಆಕ್ಸಿಜನ್ ಬಳಸಿ, 200 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿದ್ದಾರೆ ಅಂದುಕೊಳ್ಳಿ. ಆರ್‌ಕ್ಯೂ 0.83, ಖರ್ಚು ದಿನಕ್ಕೆ ಸುಮಾರು 1,680 ಕಿಲೋಕ್ಯಾಲೊರಿ. ಹುಡ್‌ನಿಂದ ನಿಮಿಷಕ್ಕೆ 25 ಲೀಟರ್ ಗಾಳಿ ಹೊರಬರುತ್ತಿದೆ. ಒಣ ಗಾಳಿಯಲ್ಲಿ ಆಕ್ಸಿಜನ್ ಶೇ 20.93ರಿಂದ 20.00ಕ್ಕೆ ಇಳಿದಿರುತ್ತದೆ. ನಮ್ಮ ಕೈಲಿರುವ ಸುಳಿವೆಲ್ಲ ಈ 0.93 ಅಂಶ ಮಾತ್ರ.

ಈಗ ಒಣಗಿಸುವ ನಳಿಗೆ ಸೋತು, ಸ್ಯಾಂಪಲ್‌ನಲ್ಲಿ ಶೇ 1ರಷ್ಟು ನೀರಾವಿ ಉಳಿದುಬಿಟ್ಟಿತು. 25 ಡಿಗ್ರಿಯಲ್ಲಿ ಗಾಳಿ ಶೇ 3ರಷ್ಟು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಅಂದಮೇಲೆ ಇದು ದೊಡ್ಡ ತೇವವೇನಲ್ಲ. ಆದರೆ ಆ ಆವಿ ಜಾಗ ತೆಗೆದುಕೊಂಡಿದ್ದರಿಂದ ಆಕ್ಸಿಜನ್ 20.00 ಇದ್ದದ್ದು 19.80 ಎಂದು ಕಾಣುತ್ತದೆ. ಆ 0.20 ಅಂಶವನ್ನೂ ದೇಹವೇ ಬಳಸಿತು ಎಂದು ಯಂತ್ರ ತಿಳಿಯುತ್ತದೆ. ನೈಟ್ರೊಜನ್ ಬದಲಾಗುವುದಿಲ್ಲ ಎಂಬ ನಂಬಿಕೆಯ ಮೇಲೆ ಒಳಗೆ ಹೋದ ಗಾಳಿಯನ್ನು ಲೆಕ್ಕ ಹಾಕುವ ಹಾಲ್ಡೇನ್ ಸೂತ್ರ ಈ ತಪ್ಪನ್ನು ಇನ್ನಷ್ಟು ಹಿಗ್ಗಿಸುತ್ತದೆ. ಕೊನೆಗೆ ಆಕ್ಸಿಜನ್ ಬಳಕೆ 240ರ ಬದಲು 304 ಆಗುತ್ತದೆ. ಕಾರ್ಬನ್ ಡೈಆಕ್ಸೈಡ್ ಮಾತ್ರ 200ರಿಂದ 198ಕ್ಕೆ ಇಳಿಯುತ್ತದೆ, ಅಷ್ಟೇ. ಆರ್‌ಕ್ಯೂ 0.65. ಖರ್ಚು 2,040 ಕಿಲೋಕ್ಯಾಲೊರಿ. ಮೇಲೆ ಹೇಳಿದ ತಪ್ಪು ಅಂಕಿ ಹುಟ್ಟುವುದು ಹೀಗೆ.

ಒಣಗಿಸುವ ಹರಳುಗಳಾದರೆ ಬಣ್ಣ ನೋಡಿ. ನೀಲಿ ಹರಳು ತೇವ ಹೀರಿ ಗುಲಾಬಿ ಆಗುತ್ತದೆ. ಪೂರ್ತಿ ಗುಲಾಬಿ ಆಗುವ ತನಕ ಕಾಯಬೇಡಿ, ಅರ್ಧ ದಾಟಿದರೆ ಬದಲಿಸಿ. ತೇವವನ್ನು ತನ್ನ ಗೋಡೆಯ ಮೂಲಕ ಹೊರಬಿಡುವ ನಾಫಿಯಾನ್ ಕೊಳವೆಯಾದರೆ ಒಂದು ವಿಷಯ ನೆನಪಿರಲಿ. ಅದು ಗಾಳಿಯನ್ನು ಪೂರ್ತಿ ಒಣಗಿಸುವುದಿಲ್ಲ, ಸುತ್ತಲಿನ ಗಾಳಿಯ ತೇವಕ್ಕೆ ಸರಿಸಮ ಮಾಡುತ್ತದೆ. ಆದ್ದರಿಂದ ಕ್ಯಾಲಿಬ್ರೇಶನ್ ಗ್ಯಾಸ್ ಕೂಡ ಅದೇ ಕೊಳವೆಯ ಮೂಲಕವೇ ಹೋಗಬೇಕು. ಸಿಲಿಂಡರನ್ನು ನೇರವಾಗಿ ಅನಲೈಸರಿಗೆ ಜೋಡಿಸಿದರೆ ಒಣ ಗ್ಯಾಸಿನಲ್ಲಿ ಕಲಿಸಿ, ತೇವದ ಗಾಳಿಯಲ್ಲಿ ಪರೀಕ್ಷೆ ತೆಗೆದುಕೊಂಡ ಹಾಗಾಗುತ್ತದೆ. ಎಂಜಲು ಒಣಗಿ ಅಂಟಿದ ಕೊಳವೆ, ಮಡಚಿಹೋದ ಕೊಳವೆ ಎರಡನ್ನೂ ಎಸೆಯಿರಿ.

ತೇವ ಅಲ್ಲ ಅಂದರೆ ಆಕ್ಸಿಜನ್ ಸೆನ್ಸರ್ ಜರುಗಿರಬಹುದು. ಅಳತೆ ಮುಗಿದ ಕೂಡಲೇ ಶುದ್ಧ ಗಾಳಿ ಕೊಟ್ಟು ನೋಡಿ. 20.93 ಬರಬೇಕಾದ ಕಡೆ 20.91 ಬಂದರೆ ಸಣ್ಣದು ಅನಿಸುತ್ತದೆ, ಅಲ್ವಾ? ಮೇಲಿನ ಉದಾಹರಣೆಯಲ್ಲಿ ಅದು 6 ಮಿಲಿಲೀಟರ್. ಶೇ 2.5ಕ್ಕೂ ಜಾಸ್ತಿ ತಪ್ಪು. ಅದಕ್ಕೇ ಶುರುವಿನ ಕ್ಯಾಲಿಬ್ರೇಶನ್ ಪಾಸಾದರೆ ಸಾಲದು, ಕೊನೆಯಲ್ಲೂ ಪಾಸಾಗಬೇಕು. ಇನ್ನೊಂದು ಮಾತು: ಕ್ಯಾಲಿಬ್ರೇಶನ್ ಪಾಸಾಯಿತು ಅಂದರೆ ನೀವು ಟೈಪ್ ಮಾಡಿದ ಅಂಕಿಗೆ ಅನಲೈಸರ್ ಒಪ್ಪಿಕೊಂಡಿದೆ ಎಂದಷ್ಟೇ ಅರ್ಥ. ಹೊಸ ಸಿಲಿಂಡರ್ ಬಂದಾಗ ಹಳೆಯ ಸಿಲಿಂಡರಿನ ಅಂಕಿಗಳೇ ಸಾಫ್ಟ್‌ವೇರಿನಲ್ಲಿ ಉಳಿದಿದ್ದರೂ ಅದು ಪಾಸಾಗುತ್ತದೆ.

ಮನುಷ್ಯರಲ್ಲಿ ನಿಜವಾಗಿಯೂ 0.70ರ ಆಸುಪಾಸಿಗೆ ಇಳಿಯುವುದುಂಟು. ದೀರ್ಘ ಉಪವಾಸ, ಕೀಟೋ ಆಹಾರ ಇವುಗಳಲ್ಲಿ ಹಾಗಾಗುತ್ತದೆ. ಆದರೆ 0.67ಕ್ಕಿಂತ ಕೆಳಗೆ ಹೋಗಿ ಅಲ್ಲೇ ನಿಂತರೆ ಯಂತ್ರವನ್ನೇ ಹಿಡಿಯಿರಿ.

ಆರ್‌ಕ್ಯೂ 1.0 ದಾಟಿದೆ

ಇಲ್ಲಿ ಯಂತ್ರಕ್ಕಿಂತ ಮೊದಲು ಮಲಗಿರುವವರ ಮುಖ ನೋಡಿ. ಮುಖದ ಮೇಲೆ ಹುಡ್ ಹಾಕಿದಾಗ ಗಾಬರಿಯಾಗಿ ಜೋರಾಗಿ ಉಸಿರಾಡುವವರು ಬಹಳ. ಆಗ ರಕ್ತದಲ್ಲಿ ಸಂಗ್ರಹವಾಗಿದ್ದ ಕಾರ್ಬನ್ ಡೈಆಕ್ಸೈಡ್ ತೊಳೆದುಕೊಂಡು ಹೊರಬರುತ್ತದೆ. ಆಕ್ಸಿಜನ್ ಬಳಕೆ ಹೆಚ್ಚು ಬದಲಾಗುವುದಿಲ್ಲ. ಆಮೇಲೆ ಸಮಾಧಾನವಾದಾಗ ಖಾಲಿಯಾದ ಸಂಗ್ರಹ ಮತ್ತೆ ತುಂಬಿಕೊಳ್ಳುತ್ತದೆ, ಆಗ ಆರ್‌ಕ್ಯೂ ಸಹಜಕ್ಕಿಂತ ಕೆಳಗೆ ಹೋಗುತ್ತದೆ. ಮೊದಲು ಮೇಲೆ, ಆಮೇಲೆ ಕೆಳಗೆ, ಕೊನೆಗೆ ನಡುವೆ: ಈ ಗೆರೆ ಕಂಡರೆ ಯಂತ್ರ ಚೆನ್ನಾಗಿದೆ, ಮನುಷ್ಯರಿಗೆ ಇನ್ನೂ ಹೊತ್ತು ಬೇಕು. ಹುಡ್ ತೆಗೆದು, ನೀರು ಬೇಕಾ ಎಂದು ಕೇಳಿ, ಏನಾಗುತ್ತದೆ ಎಂದು ವಿವರಿಸಿ, ಮತ್ತೆ ಶುರು ಮಾಡಿ. ಮೊದಲೇ ಒಂದು ಸಲ ಹುಡ್ ಹಾಕಿ ತೆಗೆದು ತೋರಿಸಿದರೆ ಬಹಳ ಜನರ ಭಯ ಹೋಗುತ್ತದೆ.

ಹಾಗಲ್ಲದೆ 1.0ರ ಮೇಲೆಯೇ ಸಮವಾಗಿ ನಿಂತರೆ, ಊಟ ಮಾಡಿ ಬಂದಿದ್ದಾರಾ ಎಂದು ಬೈಯುವ ದನಿಯಿಲ್ಲದೆ ಕೇಳಿ. ಬೈಯುವ ದನಿಯಲ್ಲಿ ಕೇಳಿದರೆ ಇಲ್ಲ ಅನ್ನುತ್ತಾರೆ.

ವಿಶ್ರಾಂತಿಯಲ್ಲಿ ಸರಿ, ವ್ಯಾಯಾಮದಲ್ಲಿ ಮಾತ್ರ ತಪ್ಪು

ಒಂದೊಂದು ಉಸಿರನ್ನೂ ಬಿಡಿಬಿಡಿಯಾಗಿ ಅಳೆಯುವ ಯಂತ್ರಗಳ ದೋಷ ಇದು. ಹರಿವಿನ ಸಂಕೇತ ತಕ್ಷಣ ಬರುತ್ತದೆ, ಗ್ಯಾಸಿನ ಸಂಕೇತ ಕೊಳವೆಯಲ್ಲಿ ಸಾಗಿ ತಡವಾಗಿ ಬರುತ್ತದೆ. ಆ ತಡವನ್ನು ಸಾಫ್ಟ್‌ವೇರ್ ಸರಿಹೊಂದಿಸಬೇಕು. ಎಂಜಲು, ತೇವದಿಂದ ಕೊಳವೆ ಅರ್ಧ ಕಟ್ಟಿದರೆ ತಡ ಹೆಚ್ಚಾಗುತ್ತದೆ, ಹೊಂದಾಣಿಕೆ ತಪ್ಪುತ್ತದೆ. ನಿಧಾನವಾದ ಉಸಿರಿನಲ್ಲಿ ಇದರ ಪೆಟ್ಟು ಕಡಿಮೆ. ಉಸಿರು ವೇಗವಾದಷ್ಟೂ ಪೆಟ್ಟು ಜಾಸ್ತಿ. ಹೀಗಾಗಿ ಓಟದ ವೇಗ ಏರಿದಂತೆ ತಪ್ಪೂ ಏರುತ್ತಾ ಹೋದರೆ ಸ್ಯಾಂಪಲ್ ಲೈನ್ ಬದಲಿಸಿ, ತಡದ ಕ್ಯಾಲಿಬ್ರೇಶನ್ ಮತ್ತೆ ಮಾಡಿ.

ಆಲ್ಕೋಹಾಲ್ ಉರಿಸಿ ನೋಡುವುದು

ಹುಡ್ ಇರುವ ಕಾರ್ಟ್‌ನ ಬಗ್ಗೆ ಮೇಲೆ ಹೇಳಿದ ಬಹುಪಾಲು ಅನುಮಾನಗಳನ್ನು ಒಟ್ಟಿಗೆ ತೀರಿಸುವ ಪರೀಕ್ಷೆ ಇದು. ಗ್ಯಾಸ್ ಸಿಲಿಂಡರ್ ಅನಲೈಸರನ್ನು ಮಾತ್ರ ಪರೀಕ್ಷಿಸುತ್ತದೆ, ಗೊತ್ತಿರುವಷ್ಟು ಗಾಳಿ ತಳ್ಳುವ ಸಿರಿಂಜ್ ಹರಿವನ್ನು ಮಾತ್ರ. ಹುಡ್ ಕೆಳಗೆ ಉರಿಯುವ ದೀಪ ಇಡೀ ಸರಣಿಯನ್ನು ಒಟ್ಟಿಗೆ ಪರೀಕ್ಷಿಸುತ್ತದೆ. ಉರಿದಾಗ ನೀರಾವಿ ಕೂಡ ಹುಟ್ಟುವುದರಿಂದ ಒಣಗಿಸುವ ನಳಿಗೆಯ ಪರೀಕ್ಷೆಯೂ ಆಗುತ್ತದೆ.

ಎಥನಾಲ್ ಉರಿಯುವ ಲೆಕ್ಕ ಯಾವತ್ತೂ ಬದಲಾಗುವುದಿಲ್ಲ. ಮೂರು ಅಣು ಆಕ್ಸಿಜನ್‌ಗೆ ಎರಡು ಅಣು ಕಾರ್ಬನ್ ಡೈಆಕ್ಸೈಡ್. ಆರ್‌ಕ್ಯೂ 0.667. 5 ಗ್ರಾಂ ಶುದ್ಧ ಎಥನಾಲ್ ಉರಿದರೆ 7.3 ಲೀಟರ್ ಆಕ್ಸಿಜನ್ ಹೋಗಬೇಕು, 4.86 ಲೀಟರ್ ಕಾರ್ಬನ್ ಡೈಆಕ್ಸೈಡ್ ಬರಬೇಕು. ದೀಪವನ್ನು ಉರಿಸುವ ಮೊದಲು, ಆರಿಸಿದ ಮೇಲೆ ತೂಗಿ. ಆರಿದ ಮೇಲೂ ಕಾರ್ಬನ್ ಡೈಆಕ್ಸೈಡ್ ಶುರುವಿನ ಮಟ್ಟಕ್ಕೆ ಇಳಿಯುವ ತನಕ ಅಳೆಯುತ್ತಲೇ ಇರಿ. ಸಿಗಬೇಕಾದದ್ದರಲ್ಲಿ ಶೇ 97ರಿಂದ 103 ಸಿಕ್ಕಿದರೆ ಯಂತ್ರವನ್ನು ನಂಬಬಹುದು.

ಫಲಿತಾಂಶ ಓದುವುದೂ ಅದೇ ನಿಯಮದಲ್ಲಿ. ಆರ್‌ಕ್ಯೂ 0.667 ಬಂದು, ಎರಡೂ ಅನಿಲ ಶೇ 92 ಮಾತ್ರ ಸಿಕ್ಕಿದರೆ ಹರಿವು, ಸೋರಿಕೆ ಅಥವಾ ಒತ್ತಡ. ಕಾರ್ಬನ್ ಡೈಆಕ್ಸೈಡ್ ಸರಿಯಾಗಿದ್ದು ಆರ್‌ಕ್ಯೂ 0.61 ಬಂದರೆ ತೇವ ಅಥವಾ ಆಕ್ಸಿಜನ್ ಸೆನ್ಸರ್. ಶೀಶೆ ಹಳೆಯದಾಗಿ ನೀರು ಹೀರಿಕೊಂಡ ಆಲ್ಕೋಹಾಲ್ ಬಳಸಿದರೆ, ಅಥವಾ ಉರಿಯುವ ಮೊದಲೇ ಬತ್ತಿಯಿಂದ ಆವಿಯಾಗಿ ಹೋದರೆ, ಇಲ್ಲದ ಸೋರಿಕೆ ಇದ್ದಂತೆ ತೋರುತ್ತದೆ. ಬೆಂಕಿಯ ಕೆಲಸ ಇದು. ಆಕ್ಸಿಜನ್ ಸಿಲಿಂಡರ್ ಇರುವ ಕೋಣೆಯಲ್ಲಿ ಮಾಡಲೇಬೇಡಿ, ಪಕ್ಕದಲ್ಲಿ ಇನ್ನೊಬ್ಬರಿರಲಿ.

ಡೆಕ್ಸಾ: ಮೂರನ್ನೂ ಕೂಡಿಸಿ ನೋಡಿ

ಡೆಕ್ಸಾ ಎರಡು ಶಕ್ತಿಯ ಎಕ್ಸ್‌ರೇ ಬಳಸಿ ಕೊಬ್ಬು, ಕೊಬ್ಬಿಲ್ಲದ ಮೆದು ಭಾಗ, ಮೂಳೆ ಮೂರನ್ನೂ ಬೇರ್ಪಡಿಸುತ್ತದೆ. ಮೂರನ್ನೂ ಕೂಡಿಸಿದರೆ ದೇಹದ ತೂಕ ಬರಬೇಕು. ಅದೇ ಇಲ್ಲಿನ ಪಕ್ಕದ ಅಂಕಿ. ಸ್ಕ್ಯಾನ್‌ಗೆ ಮೊದಲು ಒಳ್ಳೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ.

ಕೂಡಿಸಿದ ತೂಕ ಒಬ್ಬರಲ್ಲಿ ಮಾತ್ರ ಕಡಿಮೆ ಬಂದರೆ ಸ್ಕ್ಯಾನ್ ಚಿತ್ರ ನೋಡಿ. ಮೊಣಕೈ ಅಥವಾ ತೊಡೆಯ ಹೊರಭಾಗ ಗಡಿಯಿಂದ ಆಚೆ ಹೋಗಿರುತ್ತದೆ. ದೊಡ್ಡ ದೇಹದವರಲ್ಲಿ ಇದು ಸಾಮಾನ್ಯ. ಒಂದು ಬದಿಯನ್ನು ಪೂರ್ತಿ ಸ್ಕ್ಯಾನ್ ಮಾಡಿ ಇನ್ನೊಂದು ಬದಿಗೂ ಅದನ್ನೇ ಅಂದಾಜು ಹಾಕುವ ಅರ್ಧ ದೇಹದ ವಿಧಾನ ಇರುವುದು ಇವರಿಗಾಗಿಯೇ. ಎಲ್ಲರಲ್ಲೂ ಒಂದೇ ಕಡೆಗೆ ತಪ್ಪುತ್ತಿದ್ದರೆ ಯಂತ್ರ ಜರುಗಿದೆ. ಪ್ರತಿದಿನದ ಫ್ಯಾಂಟಮ್ (ದೇಹದ ಬದಲು ಸ್ಕ್ಯಾನ್ ಮಾಡುವ, ಅಂಕಿ ಮೊದಲೇ ಗೊತ್ತಿರುವ ಮಾದರಿ) ಅಂಕಿಗಳನ್ನು ಒಂದೇ ಗ್ರಾಫಿನಲ್ಲಿ ಹಾಕಿ. ದಿನದಿನಕ್ಕೆ ಪಾಸ್ ಆದರೂ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತಿರುವುದು ಗ್ರಾಫಿನಲ್ಲೇ ಕಾಣುವುದು.

ಒಟ್ಟು ತೂಕ ಸರಿ ಇದ್ದು ಕೊಬ್ಬು ಮಾತ್ರ ಜಿಗಿದಿದ್ದರೆ? ಅಳತೆಗಳ ನಡುವೆ ಯಾರಾದರೂ ಸೆಟ್ಟಿಂಗ್ ಮುಟ್ಟಿದ್ದಾರಾ ಕೇಳಿ. ಹೋಲಾಜಿಕ್ ಯಂತ್ರಗಳಲ್ಲಿ ಎನ್‌ಹೇನ್ಸ್ ಎಂಬ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ ಕೊಬ್ಬಿಲ್ಲದ ಭಾಗದಿಂದ ಶೇ 5 ತೆಗೆದು ಅಷ್ಟೇ ಕಿಲೋಗಳನ್ನು ಕೊಬ್ಬಿಗೆ ಸೇರಿಸುತ್ತದೆ. ಒಟ್ಟು ತೂಕ ಬದಲಾಗುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಅಧ್ಯಯನದ ಮಧ್ಯೆ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಬೇರೆ ಕಂಪನಿಯ ಯಂತ್ರದಲ್ಲಿ ತೆಗೆದ ಅಳತೆಯನ್ನಂತೂ ಇದರ ಪಕ್ಕದಲ್ಲಿ ಇಡಲೇಬೇಡಿ.

ಅರ್ಧ ಲೀಟರ್ ನೀರು ಕುಡಿದು ಬಂದರೆ ಅದು ಹೆಚ್ಚು ಕಡಿಮೆ ಅರ್ಧ ಕಿಲೋ ಕೊಬ್ಬಿಲ್ಲದ ಭಾಗವಾಗಿ ಕಾಣುತ್ತದೆ. ಆರು ವಾರದ ವ್ಯಾಯಾಮದಿಂದ ಅರ್ಧ ಕಿಲೋ ಮಾಂಸಖಂಡ ಬೆಳೆಯಿತು ಎಂದು ಬರೆಯುವ ಮೊದಲು ಇದನ್ನು ಯೋಚಿಸಿ. ನಿಮ್ಮ ಯಂತ್ರ, ನಿಮ್ಮ ತಂತ್ರಜ್ಞರು ಸೇರಿ ಎಷ್ಟು ಸಣ್ಣ ಬದಲಾವಣೆ ಹಿಡಿಯಬಲ್ಲರು ಎಂದು ಮೊದಲೇ ತಿಳಿದಿರಬೇಕು. 30 ಜನರನ್ನು ಎರಡೆರಡು ಸಲ, ಅಥವಾ 15 ಜನರನ್ನು ಮೂರು ಮೂರು ಸಲ ಸ್ಕ್ಯಾನ್ ಮಾಡಿ, ನಡುವೆ ಎಬ್ಬಿಸಿ ಮತ್ತೆ ಮಲಗಿಸಿ, ಒಬ್ಬರದೇ ಅಳತೆಗಳು ಒಂದಕ್ಕೊಂದು ಎಷ್ಟು ತಪ್ಪುತ್ತವೆ ಎಂಬ ದೋಷವನ್ನು 2.77ರಿಂದ ಗುಣಿಸಬೇಕು. ಅದಕ್ಕಿಂತ ಸಣ್ಣ ಬದಲಾವಣೆಯನ್ನು ಒಬ್ಬರ ಮಟ್ಟದಲ್ಲಿ ಬದಲಾವಣೆ ಎಂದು ಕರೆಯುವಂತಿಲ್ಲ.

ಬಿಐಎ: ಶೇಕಡಾ ಕೊಬ್ಬನ್ನು ಪಕ್ಕಕ್ಕಿಡಿ

ಬಿಐಎ ಯಂತ್ರ ಕೊಬ್ಬನ್ನು ಅಳೆಯುವುದಿಲ್ಲ. 50 ಕಿಲೋಹರ್ಟ್ಸ್‌ನ ಸಣ್ಣ ಕರೆಂಟ್ ಹರಿಸಿ ರೆಸಿಸ್ಟೆನ್ಸ್ (ದೇಹದ ನೀರು ಕರೆಂಟಿಗೆ ಒಡ್ಡುವ ತಡೆ) ಮತ್ತು ರಿಯಾಕ್ಟೆನ್ಸ್ (ಜೀವಕೋಶಗಳ ಪೊರೆಯಿಂದ ಬರುವ ತಡೆ) ಅಳೆಯುತ್ತದೆ. ಉಳಿದದ್ದೆಲ್ಲ ಸೂತ್ರ. ಆದ್ದರಿಂದ ದೋಷ ಹುಡುಕುವಾಗ ಈ ಎರಡು ಕಚ್ಚಾ ಅಂಕಿಗಳನ್ನೇ ನೋಡಿ. ಅವೇ ಸೇರಿ ಫೇಸ್ ಆ್ಯಂಗಲ್ ಆಗುವುದು. ಆರೋಗ್ಯವಂತ ವಯಸ್ಕರಲ್ಲಿ ಅದು ಬಹುಪಾಲು 5ರಿಂದ 7 ಡಿಗ್ರಿ. 1 ಡಿಗ್ರಿ ಅಥವಾ 14 ಡಿಗ್ರಿ ಬಂದರೆ ಒಣಗಿದ ಎಲೆಕ್ಟ್ರೋಡ್, ಕೇಬಲ್ ಅದಲುಬದಲು, ಇಲ್ಲವೇ ತೊಡೆಗೆ ತೊಡೆ ತಾಗಿರುವುದು.

ಯಂತ್ರದ ಜೊತೆ ಬಂದ 500 ಓಮ್ ಪರೀಕ್ಷಾ ರೆಸಿಸ್ಟರ್ ಜೋಡಿಸಿ ನೋಡಿ. ಅದು ಸರಿ ತೋರಿಸಿದರೆ ಯಂತ್ರ ಚೆನ್ನಾಗಿದೆ, ದೋಷ ಇರುವುದು ಹಾಸಿಗೆಯ ಮೇಲೆ. ಎಲೆಕ್ಟ್ರೋಡ್ ಒಂದು ಸೆಂಟಿಮೀಟರ್ ಸರಿದರೆ ರೆಸಿಸ್ಟೆನ್ಸ್ ಶೇ 2ರಷ್ಟು ಬದಲಾಗಬಹುದು. ಮಲಗಿದ ಮೇಲೆ ದೇಹದ ನೀರು ಕಾಲಿನಿಂದ ಸರಿಯುವುದರಿಂದ ಅಂಕಿ ನಿಧಾನವಾಗಿ ಏರುತ್ತದೆ. ಒಬ್ಬರನ್ನು ಮಲಗಿಸಿದ ಕೂಡಲೇ, ಇನ್ನೊಬ್ಬರನ್ನು 20 ನಿಮಿಷ ಬಿಟ್ಟು ಅಳೆದರೆ ಅದು ಹೋಲಿಕೆಯೇ ಅಲ್ಲ. ಇಷ್ಟೆಲ್ಲ ನೋಡಿಯೂ ಕೂಡದಿದ್ದರೆ ಎತ್ತರ ಸರಿಯಾಗಿ ಟೈಪ್ ಆಗಿದೆಯಾ ನೋಡಿ. ಸೂತ್ರದಲ್ಲಿ ಎತ್ತರದ ವರ್ಗ ಬರುತ್ತದೆ, ಅಲ್ಲಿನ ಸಣ್ಣ ತಪ್ಪು ದುಪ್ಪಟ್ಟಾಗುತ್ತದೆ. ಪೇಸ್‌ಮೇಕರ್ ಇರುವವರಿಗೆ ಈ ಅಳತೆ ಬೇಡ.

ಗಾಳಿ ಕೋಶ ಮತ್ತು ಗುರುತು ಹಾಕಿದ ನೀರು

ದೇಹದ ಗಾತ್ರವನ್ನು ಗಾಳಿಯ ಒತ್ತಡದಿಂದ ಅಳೆಯುವ ಬಾಡ್‌ಪಾಡ್‌ನಲ್ಲಿ, ಒಂದಾದಮೇಲೊಂದು ತೆಗೆದ ಎರಡು ಗಾತ್ರಗಳ ಅಂತರವೇ ಪಕ್ಕದ ಅಂಕಿ. 150 ಮಿಲಿಲೀಟರ್ ಒಳಗಿದ್ದರೆ ಒಪ್ಪುತ್ತಾರೆ, ಇಲ್ಲದಿದ್ದರೆ ಮೂರನೆಯದು ತೆಗೆಯುತ್ತಾರೆ. 70 ಕಿಲೋ ತೂಕದವರಲ್ಲಿ 150 ಮಿಲಿಲೀಟರ್ ಅಂದರೆ, ದೇಹದ ಸಾಂದ್ರತೆಯಿಂದ ಕೊಬ್ಬನ್ನು ಲೆಕ್ಕ ಹಾಕುವ ಸಿರಿ ಸೂತ್ರದ ಪ್ರಕಾರ, ಕೊಬ್ಬಿನಲ್ಲಿ ಸುಮಾರು 1 ಶೇಕಡಾ ಅಂಶ. ಅಂತರ ಪದೇ ಪದೇ ಜಾಸ್ತಿ ಬಂದರೆ ಕೋಣೆಯ ಬಾಗಿಲು ತೆರೆದು ಮುಚ್ಚುತ್ತಿದೆಯಾ, ಎ.ಸಿ. ಗಾಳಿ ಯಂತ್ರದ ಮೇಲೆ ಬೀಸುತ್ತಿದೆಯಾ ನೋಡಿ. ಅಂತರ ಸರಿ ಇದ್ದು ಕೊಬ್ಬು ತೀರಾ ಕಡಿಮೆ ಬಂದರೆ ಕೂದಲು, ಸಡಿಲ ಬಟ್ಟೆ ಕಾರಣ. ಬಿಗಿಯಾದ ಈಜುಡುಗೆ, ಟೋಪಿ ಕಡ್ಡಾಯ.

ಡಬ್ಲಿ ಲೇಬಲ್ಡ್ ವಾಟರ್, ಅಂದರೆ ಡ್ಯುಟೀರಿಯಂ ಮತ್ತು ಆಕ್ಸಿಜನ್-18 ಎರಡರಿಂದಲೂ ಗುರುತು ಹಾಕಿದ ನೀರು. ಅದನ್ನು ಕುಡಿಸಿ, ಮೂತ್ರದಲ್ಲಿ ಆ ಗುರುತುಗಳು ಎಷ್ಟು ಬೇಗ ಕಡಿಮೆಯಾಗುತ್ತವೆ ಎಂದು ನೋಡಿ ಶಕ್ತಿ ಖರ್ಚನ್ನು ಲೆಕ್ಕ ಹಾಕುತ್ತಾರೆ. ಮನುಷ್ಯರಲ್ಲಿ 1982ರಿಂದ ಬಳಕೆಯಲ್ಲಿದೆ. ಇಲ್ಲಿ ನೋಡಬೇಕಾದ್ದು ಎರಡು ಗುರುತುಗಳು ಹರಡಿಕೊಂಡ ಜಾಗದ ಅನುಪಾತ. ಡ್ಯುಟೀರಿಯಂ ಜಾಗ ಸ್ವಲ್ಪ ದೊಡ್ಡದು, ಅನುಪಾತ 1.03ರ ಆಸುಪಾಸು ಇರಬೇಕು. ಬಹಳ ದೂರ ಹೋದರೆ ಒಂದು ಗುರುತಿನ ವಿಶ್ಲೇಷಣೆ ತಪ್ಪಿದೆ, ಅದನ್ನು ಮತ್ತೆ ಓಡಿಸಿ. ಅನುಪಾತ ಸರಿ ಇದ್ದು ಎರಡೂ ಜಾಗಗಳು ದೇಹಕ್ಕೆ ಹೊಂದದಷ್ಟು ದೊಡ್ಡದಾಗಿ ಬಂದರೆ, ಕೊಟ್ಟ ನೀರು ಪೂರ್ತಿ ಹೊಟ್ಟೆಗೆ ಹೋಗಿಲ್ಲ. ಬಾಟಲಿಯನ್ನು ಸಾದಾ ನೀರಿನಲ್ಲಿ ತೊಳೆದು ಅದನ್ನೂ ಕುಡಿಸಬೇಕಿತ್ತು. ಮೂತ್ರದ ಶೀಶೆಯ ಮುಚ್ಚಳ ಸಡಿಲವಿದ್ದರೆ ನೀರು ಆವಿಯಾಗಿ ಗುರುತು ದಪ್ಪವಾಗುತ್ತದೆ, ಅದನ್ನೂ ನೋಡಿ.

ದೋಷ ಸಿಕ್ಕಿತು, ಹಳೆಯ ಅಳತೆಗಳನ್ನು ಏನು ಮಾಡುವುದು

ಕೆಲವು ದೋಷಗಳನ್ನು ಹಿಂದಕ್ಕೆ ಹೋಗಿ ತಿದ್ದಬಹುದು. ಒತ್ತಡ ತಪ್ಪಾಗಿ ಟೈಪ್ ಆಗಿದ್ದರೆ, ಆ ದಿನದ ನಿಜವಾದ ಒತ್ತಡ ಗೊತ್ತಿದ್ದರೆ, ಲೆಕ್ಕ ಮತ್ತೆ ಮಾಡಬಹುದು. ಡೆಕ್ಸಾ ಸೆಟ್ಟಿಂಗ್ ತಪ್ಪಿದ್ದರೆ ಹಳೆಯ ಸ್ಕ್ಯಾನ್ ಕಡತಗಳನ್ನೇ ಸರಿಯಾದ ಸೆಟ್ಟಿಂಗಿನಲ್ಲಿ ಮತ್ತೆ ವಿಶ್ಲೇಷಿಸಬಹುದು. ಬಿಐಎಯಲ್ಲಿ ಕಚ್ಚಾ ಅಂಕಿ ಬರೆದಿಟ್ಟಿದ್ದರೆ ಎತ್ತರದ ತಪ್ಪು ಐದು ನಿಮಿಷದ ಕೆಲಸ. ಆದರೆ ತೇವದ ಲೈನ್, ಸೋರುವ ಲೈನ್, ಸರಿದ ಎಲೆಕ್ಟ್ರೋಡ್ ಇವುಗಳಿಗೆ ಮದ್ದಿಲ್ಲ. ಆ ದಿನ ಎಷ್ಟು ತಪ್ಪಿತ್ತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಅಂದಾಜು ಗುಣಕ ಹಾಕಿ ತಿದ್ದುವ ಆಸೆ ಬರುತ್ತದೆ. ದಯವಿಟ್ಟು ಬೇಡ.

ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸುವವರಿಗೆ ಯಾರು ಯಾವ ಗುಂಪಿನಲ್ಲಿದ್ದಾರೆ ಎಂದು ಗೊತ್ತಿರಬಾರದು. ಅಂಕಿ ವಿಚಿತ್ರವಾಗಿದೆ ಎಂಬ ಕಾರಣಕ್ಕೆ ಕೈಬಿಡುವಂತಿಲ್ಲ, ದೋಷ ಇತ್ತು ಎಂಬ ಕಾರಣಕ್ಕೇ ಕೈಬಿಡಬೇಕು. ಹಾಗಾದರೆ ದೋಷ ಎಂದಿನಿಂದ ಇತ್ತು? ಕೊನೆಯ ಸಲ ಆಲ್ಕೋಹಾಲ್ ಪರೀಕ್ಷೆ ಪಾಸಾದ ದಿನದಿಂದ, ಮೊದಲ ಸಲ ಫೇಲಾದ ದಿನದವರೆಗೆ ಆ ಕಾರ್ಟ್‌ನಲ್ಲಿ ತೆಗೆದ ಎಲ್ಲ ಅಳತೆಗಳೂ ಅನುಮಾನದ ಪಟ್ಟಿಗೆ ಸೇರುತ್ತವೆ. ವಾರಕ್ಕೊಮ್ಮೆ ಉರಿಸಿ ನೋಡುವ ಪ್ರಯೋಗಾಲಯ ಒಂದು ವಾರದ ಅಳತೆಗಳನ್ನು ಕಳೆದುಕೊಳ್ಳುತ್ತದೆ. ಆರು ತಿಂಗಳಿಗೊಮ್ಮೆ ನೋಡುವವರು ಆರು ತಿಂಗಳು ಉಪವಾಸ ಬಂದು ಮಲಗಿದ ಅಷ್ಟೂ ಜನರಿಗೆ ಫೋನ್ ಮಾಡಿ, ಇನ್ನೊಮ್ಮೆ ಬರುತ್ತೀರಾ ಎಂದು ಕೇಳಬೇಕಾಗುತ್ತದೆ.